ಅಂಬಾರಾಯ ಮಿಸ್ತ್ರಿಯ ಚಾ ಗ್ಲಾಸು

ಅಂಬಾರಾಯ ಮಿಸ್ತ್ರಿ ಚಾ ಗ್ಲಾಸನ್ನು ತುಟಿಗೆ ಹಚ್ಚಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅವನ ಗ್ಯಾರೇಜಿನ ಎದುರಿನ ಹೋಟೆಲಿನಿಂದ ದಿನಕ್ಕೆ ಎರಡು ಸಲ ಅವನಿಗೆ ಚಾ ಬರುತ್ತಿತ್ತು. ಅದನ್ನು ಒಯ್ದು, ಬಾನೆಟ್ ಎತ್ತಿ ನಿಂತ ಯಾವುದಾದರೂ ಕಾರಿನ ಇಂಜಿನ್ ಮೇಲೆ ಸಪಾಟಾದ ಜಾಗ ಹುಡುಕಿ ಇಡುತ್ತಿದ್ದ. ಗಾಡಿ ನಿಂತಲ್ಲೇ ಚಾಲೂ ಇರಬೇಕು. ಇವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ, ಚಾದ ಮೇಲೆ ಏಳುವ ಸಣ್ಣ ಅಲೆಗಳನ್ನು ನೋಡುತ್ತ ನಿಲ್ಲುತ್ತಿದ್ದ. ಆಗ ಯಾರೂ ಉಸಿರು ಬಿಡುವಂತಿಲ್ಲ. ಯಾರಾದರೂ ಮಾತು ತೆಗೆದರೆ, ಅವರು ಎಷ್ಟೇ ದೊಡ್ಡ ಸಾಹೇಬರಿರಲಿ, ತಲೆ ಎತ್ತದೆಯೇ ಹೇಳುತ್ತಿದ್ದ: "ಜರಾ ಬಾಯಿ ಬಂದ್ ಮಾಡ್ರಿ. ಅದು ಮಾತಾಡಾಕತ್ತದ."

ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ತಂದೆಯ ಖಾಲಿ ಜಾಗವೊಂದಿತ್ತು. ಅಂಬಾರಾಯನದು ದಲಿತ ಬೌದ್ಧರ ಮನೆ. ಅವನ ಜಾತಿ ಕೇಳಿದ ಮೇಲೆ ಊರಲ್ಲಿ ಯಾರೂ ಅಂಗಡಿಗೆ ಜಾಗ ಕೊಡಲಿಲ್ಲ, ನಮ್ಮ ತಂದೆ ಕೊಟ್ಟರು. ಅಲ್ಲಿ ಅವನು ತಗಡಿನ ಶೆಡ್ ಹಾಕಿಕೊಂಡ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ನಮ್ಮ ಮನೆಯಲ್ಲಿ ಎಲ್ಲರೂ ಅವನನ್ನು ಏಕವಚನದಲ್ಲೇ ಕರೆದರು, ನಾನೂ ಹಾಗೇ ಕರೆದೆ. ಈಗ ಬರೆಯುವಾಗಲೂ ಕೈಗೆ ಆ ರೂಢಿ ತಪ್ಪುತ್ತಿಲ್ಲ, ನಾಚಿಕೆಯಾಗುತ್ತದೆ.

ಒಮ್ಮೆ ಕೇಳಿದೆ, "ಯಾಕೋ ಅಂಬಾರಾಯ, ಚಾ ಕುಡಿಯಂಗಿಲ್ಲೇನು?"

"ಈ ಗ್ಲಾಸ್ ನೋಡ್ರಿ ವಕೀಲ್ ಸಾಬ್. ಹೋಟೆಲ್‌ದಾಗ ಇದನ್ನ ಬ್ಯಾರೇನೇ ಇಡ್ತಾರ, ನನ್ನೊಬ್ಬನ ಸಲುವಾಗಿ. ಕುಡದ್ರ ಅವರು ಮಾಡಿದ್ದು ಖರೇ ಅಂದಂಗ ಆಗ್ತದ. ವಾಪಸ್ ಕಳಿಸಿದ್ರ ಜಗಳಾ ಆಗ್ತದ. ಇಂಜಿನ್ ಮ್ಯಾಲ ಇಟ್ರ ಕೆಲಸಕ್ಕರೇ ಬರ್ತದ."

ಇಷ್ಟನ್ನು ಹೇಳಿ ಬೋಲ್ಟ್ ಬಿಚ್ಚುವ ಪಾನಾ ಹುಡುಕಲು ಹೋದ. ನಾನು ಕೋರ್ಟಿಗೆ ಹೋದೆ.

ನನ್ನದೊಂದು ಹಳೆಯ ಬಿಳಿ ಕಾರು. ಸಿಗ್ನಲ್ಲಿಗೋ ಗೇಟಿಗೋ ನಿಂತರೆ ಸಾಕು, ಮಲೇರಿಯಾ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಮುಂದೆ ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡರೆ ಆರುವ ಮಾತೇ ಇಲ್ಲ. ಕಲಬುರ್ಗಿಯಲ್ಲಿ ಒಂದು ಗ್ಯಾರೇಜಿನವರು ಯಂತ್ರ ಹಚ್ಚಿ ನೋಡಿ, ಸೈಲೆನ್ಸರ್ ಪೈಪಿನ ಸೆನ್ಸರ್ ಕೆಟ್ಟಿದೆ ಎಂದು ಬದಲಿಸಿದರು. ವಾರಕ್ಕೆ ದೀಪ ಮತ್ತೆ ಹತ್ತಿತು. ಇನ್ನೊಂದು ಸೆನ್ಸರ್ ಬದಲಿಸಿದರು. ಮತ್ತೆ ಹತ್ತಿತು. ರೋಸಿಹೋಗಿ ಅಂಬಾರಾಯನ ಮುಂದೆ ತಂದು ನಿಲ್ಲಿಸಿದೆ.

ಅವನು ಗ್ಲಾಸ್ ಇಟ್ಟ. ಚಾ ತುಳುಕಿತು. ಬಕೆಟ್ಟಿನಲ್ಲಿ ಬೆರಳು ಅದ್ದಿ, ದೇವರ ಮನೆಯಲ್ಲಿ ತೀರ್ಥ ಚಿಮುಕಿಸಿದ ಹಾಗೆ, ಅಲ್ಲೊಂದು ಇಲ್ಲೊಂದು ರಬ್ಬರ್ ಪೈಪಿನ ಮೇಲೆ ನೀರು ಚಿಮುಕಿಸುತ್ತ ಹೋದ. ಕಿರುಬೆರಳಿನಷ್ಟು ದಪ್ಪದ ಒಂದು ಪೈಪಿನ ಮೇಲೆ ನೀರು ಬಿದ್ದದ್ದೇ, ಇಂಜಿನ್ನಿನ ಸದ್ದು ಬದಲಾಯಿತು. ಬೆರಳಿನಿಂದ ಒತ್ತಿ ತೋರಿಸಿದ. ಕೆಳಗಡೆ ಕೂದಲೆಳೆಯಷ್ಟು ಸೀಳಿತ್ತು.

"ಇಲ್ಲಿಂದ ಕಳ್ಳ ಹವಾ ಒಳಗ ಹೊಂಟದ. ಸೆನ್ಸರ್ ಅದನ್ನೇ ಹೇಳಾಕತ್ತಿತ್ತು ಪಾಪ. ಊರಾಗ ಕಳವು ಆಗ್ಯಾದಂತ ಹೇಳಾಕ ಬಂದಾಂವಗೇ ಹಿಡಿದು ಬಡದೀರಲ್ರಿ! ನೀವು ವಕೀಲ್ರು, ಸಾಕ್ಷಿ ಹೇಳಾಂವನ್ನ ಹಿಂಗ ಮಾಡ್ತಾರೇನ್ರಿ?"

ಅಂಗೈ ಉದ್ದದ ಹೊಸ ಪೈಪ್ ಹಾಕಿದ. ದೀಪ ಆರಿಸಿದ. ಗ್ಲಾಸಿನ ಚಾ ಬಾವಿಯ ನೀರಿನಂತೆ ನಿಂತಿತು. ನಾನು ಬಾರಿನಲ್ಲಿ, ಅಂದರೆ ನಮ್ಮ ವಕೀಲರ ಕೋಣೆಯಲ್ಲಿ, ತಿಂಗಳುಗಟ್ಟಲೆ ಈ ಕಥೆಯನ್ನು ಹೇಳಿಕೊಂಡು ತಿರುಗಿದೆ.

ಹಾಗಾಗಿ ನಮ್ಮ ಕಡೆ ಒಂದು ಪದ್ಧತಿಯೇ ಬಿತ್ತು. ಹಳೆಯ ಕಾರು ಕೊಳ್ಳುವವರು ಕಾಗದಪತ್ರ ನೋಡುವ ಮೊದಲು ಗಾಡಿಯನ್ನು ಅಂಬಾರಾಯನ ಶೆಡ್ಡಿಗೆ ತರುತ್ತಿದ್ದರು. ಆಳಂದ, ಅಫಜಲಪುರದಿಂದಲೂ ಬರುತ್ತಿದ್ದರು. ಅವನು ಗ್ಲಾಸ್ ಇಟ್ಟು ನೋಡಿ ಒಂದೇ ಮಾತು ಹೇಳುತ್ತಿದ್ದ. "ತಗೋರಿ" ಅಥವಾ "ಬ್ಯಾಡ್ರಿ". ಮಾರುವವರು ಕಾಲಿಗೆ ಬಿದ್ದರೂ ಆ ಮಾತು ಬದಲಾಗುತ್ತಿರಲಿಲ್ಲ. ಬಂಗಾರದಂಥ ಗಿರಾಕಿ ತಪ್ಪಿಸಿದನೆಂದು ದಲಾಲರು ಅವನಿಗೆ ಹಿಡಿಶಾಪ ಹಾಕುತ್ತಿದ್ದರು, ಮರುದಿನ ತಮ್ಮ ಸ್ವಂತ ಗಾಡಿ ತಂದು ಅವನ ಮುಂದೆಯೇ ನಿಲ್ಲಿಸುತ್ತಿದ್ದರು. ಅವನಿಗೆ ಇದ್ದ ಆಸ್ತಿ ಆ ಒಂದು ಮಾತೇ. ಅದನ್ನು ಕಳೆದವನು ನಾನು.

ನನ್ನ ಕಾರಿಗೆ ಹೊಸ ರೋಗ ಹತ್ತಿತು. ಬಿಸಿಲಲ್ಲಿ ಒಂದು ತಾಸು ಓಡಿದರೆ ಇಂಜಿನ್ ದಿಢೀರನೆ ನಿಂತುಬಿಡುವುದು. ತಣ್ಣಗಾದರೆ ಏನೂ ಆಗದಂತೆ ಮತ್ತೆ ಚಾಲೂ. ಅಂಬಾರಾಯ ಎರಡು ದಿನ ತಾನೇ ಓಡಿಸಿ ನೋಡಿ, ಕ್ರ್ಯಾಂಕ್ ಸೆನ್ಸರ್ ಎಂದ. ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಕೊಡುವುದೇ ಅದರ ಕೆಲಸ. ಕಾವು ಏರಿದರೆ ಅದು ಮೂಕವಾಗುತ್ತದೆ, ಇಂಜಿನ್ ಸಾಯುತ್ತದೆ.

"ಅಸಲಿ ಸಾಮಾನು ಸೋಲಾಪುರದಿಂದ ಬರ್ಬೇಕು. ಎಂಟು ದಿನ ಆಗ್ತದ. ಅಲ್ಲಿತನ ಊರಾಗ ಓಡಿಸ್ರಿ, ಹೈವೇಕ್ಕ ಬಿಲ್ಕುಲ್ ಒಯ್ಯಬ್ಯಾಡ್ರಿ."

ಅದೇ ವಾರ ಗುಂಡಪ್ಪ ಮಾಸ್ತರರು ನನ್ನ ಕಾರನ್ನು ಕೊಳ್ಳಲು ಕೇಳಿಕೊಂಡು ಬಂದರು. ಹೈವೇ ಪಕ್ಕದ ಹಳ್ಳಿಯೊಂದರ ಶಾಲೆಯ ಮಾಸ್ತರರು, ಸಾಧು ಮನುಷ್ಯ. ಹೆಂಡತಿಗೆ ಮಂಡಿನೋವು, ಬಸ್ ಹತ್ತಲು ಆಗುತ್ತಿರಲಿಲ್ಲ. ನಾನು ಹೊಸ ಕಾರು ಬುಕ್ ಮಾಡಿದ್ದೆ. ಈ ಪೀಡೆ ತೊಲಗಿದರೆ ಸಾಕಾಗಿತ್ತು. ಎಂಟು ದಿನ ತಡೆದರೆ ಮಾಸ್ತರರು ಬೇರೆ ಕಡೆ ನೋಡುತ್ತಾರೆ ಎಂಬ ಭಯ. ಅಂಬಾರಾಯನ ಹತ್ತಿರ ಹೋಗಿ, "ನಾಳೆ ಅವರು ಬರ್ತಾರ, ನೀ ಅಡ್ಡ ಮಾತಾಡಬ್ಯಾಡ" ಎಂದೆ. ಅವನು ಪಕ್ಕದ ಗಾಡಿಯ ಬಾನೆಟ್ ಎತ್ತಿದ. ಆಗ ನಾನು ಮಾಡಬಾರದ್ದು ಮಾಡಿದೆ. "ನಮ್ಮಪ್ಪ ನಿನಗ ಜಾಗಾ ಕೊಟ್ಟಾಗ ಊರೆಲ್ಲ ಏನಂತು, ನೆನಪದನೂ?" ಎಂದೆ.

ಅವನು ಬಾನೆಟ್ ಇಳಿಸಿ ಹೇಳಿದ, "ಹಂಗಾದ್ರ ಒಂದು ಮಾತು. ಸಾಮಾನು ಬರೂತನ ಹೈವೇಕ್ಕ ಒಯ್ಯಬ್ಯಾಡ್ರಿ ಅಂತ ಮಾಸ್ತರಗಿ ಅವತ್ತೇ ಫೋನ್ ಮಾಡಿ ಹೇಳ್ರಿ. ಬಂದ ಮ್ಯಾಲ ನಾನೇ ಹೋಗಿ ಹಾಕಿ ಬರ್ತೇನಿ."

"ಹೇಳ್ತೇನಿ ತಗೋ" ಎಂದೆ.

ಮರುದಿನ ಮುಂಜಾನೆ ತಣ್ಣನೆಯ ಇಂಜಿನ್ ಚಾಲೂ ಮಾಡಿ ಅದರ ಮೇಲೆ ಗ್ಲಾಸ್ ಇಟ್ಟ. ಮಾಸ್ತರರು ಕೈಕಟ್ಟಿ ನಿಂತು, "ತಗೋಳ್ಲೇನಪಾ?" ಎಂದು ಕೇಳಿದರು. ಅಂಬಾರಾಯ ನನ್ನ ಮುಖ ನೋಡಿದ. "ಚಾ ಅಲಗಿಲ್ಲ ನೋಡ್ರಿ" ಎಂದ. 'ತಗೋರಿ' ಎನ್ನಲಿಲ್ಲ. ಅದು ನನಗೆ ತಿಳಿಯಿತು, ಮಾಸ್ತರರಿಗೆ ತಿಳಿಯಲಿಲ್ಲ. ಖುಷಿಯಿಂದ ಪೇಡೆ ತರಿಸಿ ಹಂಚಿದರು.

ಫೋನ್ ನಾನು ಮಾಡಲಿಲ್ಲ. ಮೊದಲ ದಿನ ಮರೆತೆ ಎಂದು ಬೇಕಾದರೆ ಹೇಳಬಹುದು. ಎರಡನೆಯ ದಿನ ನೆನಪಿತ್ತು. ಹೇಳಿದರೆ ಗಾಡಿ ವಾಪಸ್ ತಂದಾರು ಎಂದು ಸುಮ್ಮನಾದೆ. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಮಾಸ್ತರರು ಹೆಂಡತಿಯನ್ನು ಕಲಬುರ್ಗಿಯ ದವಾಖಾನೆಗೆ ತೋರಿಸಿಕೊಂಡು ಬರುತ್ತಿದ್ದರು. ಹೈವೇಯಿಂದ ತಮ್ಮ ಊರಿನ ದಾರಿಗೆ ಬಲಕ್ಕೆ ಹೊರಳಿಸುವಾಗ ರಸ್ತೆಯ ನಟ್ಟನಡುವೆ ಇಂಜಿನ್ ನಿಂತಿತು. ಎದುರಿನಿಂದ ಲಾರಿ ಬರುತ್ತಿತ್ತು. ಎಡಗಡೆ ಕೂತಿದ್ದ ಹೆಂಡತಿ ಅಲ್ಲೇ ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ಮಾಸ್ತರರು ನಾಲ್ಕು ಜನ ಬೀಗರೊಂದಿಗೆ ಶೆಡ್ಡಿಗೆ ಬಂದರು. ಸುದ್ದಿ ತಿಳಿದು ನಾನೂ ಓಡಿದೆ. ಮಾಸ್ತರರು ಬೈಯಲಿಲ್ಲ, ಅತ್ತರು. "ಚಾ ಅಲಗಿಲ್ಲ ಅಂದ್ಯಲ್ಲೋ ಅಂಬಾರಾಯ! ನಿನ್ನ ಮಾತಿನ ಮ್ಯಾಲ ತಗೊಂಡ್ನಲ್ಲೋ!"

"ತಪ್ಪು ನಂದದ್ರಿ ಮಾಸ್ತರೇ. ಸಾಮಾನು ಖರಾಬ್ ಇದ್ದದ್ದು ನನಗ ಗೊತ್ತಿತ್ತು."

ಬೀಗರಲ್ಲೊಬ್ಬ ಅವನ ಕಪಾಳಕ್ಕೆ ಹೊಡೆದ. ಅಂಬಾರಾಯ ಕೈ ಎತ್ತಲಿಲ್ಲ, ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಕೋರ್ಟಿನಲ್ಲಿ ತಾಸುಗಟ್ಟಲೆ ವಾದ ಮಾಡುವ ನಾನು ನಡುವೆ ಹೋದೆ. "ಹೋಗ್ಲಿ ಬಿಡ್ರಿ, ಬಡೀಬ್ಯಾಡ್ರಿ" ಎಂದು ಬಿಡಿಸಿದೆ. ನನಗೂ ಏನೂ ಗೊತ್ತಿರಲಿಲ್ಲವೆಂದೇ ತಿಳಿದು, ನನ್ನ ದೊಡ್ಡಗುಣವನ್ನು ಜನ ಹೊಗಳಿದರು.

ಆ ದಿನದಿಂದ ಅವನ ಶೆಡ್ಡಿಗೆ ಗಾಡಿ ಬರಲಿಲ್ಲ. ಎರಡು ತಿಂಗಳಿಗೆ ತಗಡು ಬಿಚ್ಚಿ, ಜಾಗ ಕಸಗುಡಿಸಿ, ಆಳಂದ ತಾಲ್ಲೂಕಿನ ಭೂಸನೂರಿಗೆ ಹೋದ. ಅಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಟ್ರ್ಯಾಕ್ಟರುಗಳ ರಿಪೇರಿಗೆ ಕೂತ. ಟ್ರ್ಯಾಕ್ಟರ್ ಗಡಗಡ ಎನ್ನುವುದೇ ಅದರ ಧರ್ಮ, ಅಲ್ಲಿ ಗ್ಲಾಸಿನ ಕೆಲಸವಿರಲಿಲ್ಲ.

ಒಂದು ವರ್ಷ ಬಿಟ್ಟು ಹೋದೆ. ರಸ್ತೆ ಬದಿಯಲ್ಲಿ ಒಂದು ಗಾಲಿ ಬಿಚ್ಚಿಕೊಂಡು ಕೂತಿದ್ದ. ಸೊರಗಿ ಕಡ್ಡಿಯಾಗಿದ್ದ.

"ಬರ್ರಿ ವಕೀಲ್ ಸಾಬ್. ಹೊಸ ಗಾಡಿ ತ್ರಾಸ ಕೊಡಾಕತ್ತದೇನು?"

ನಾನು ಅಲ್ಲೇ ಕಲ್ಲಿನ ಮೇಲೆ ಕೂತು, "ನಿನ್ನ ಹೆಸರು ಹಾಳು ಮಾಡೀನಿ ಅಂಬಾರಾಯ. ಕ್ಷಮಾ ಮಾಡು" ಎಂದೆ.

"ಹೆಸರಿಂದೇನ್ರಿ, ಹೋತು. ಆ ತಾಯಿ ಜೀವಾ ಹೋತಲ್ಲ. ನಾನೂ ತಪ್ಪು ಮಾಡ್ದಾಂವನೇ ಇದ್ದೇನಿ, ನಿಮಗ ಹ್ಯಾಂಗ ಕ್ಷಮಾ ಮಾಡ್ಲಿ? ನೀವು ಹೇಳ್ಬೇಕಾದ್ದು ಮಾಸ್ತರಗಿ. ಅವರ ಮುಂದ ಹೋಗಿ ಹೇಳ್ರಿ."

"ನನ್ನ ಹೆಸರು ಯಾಕ ಹೇಳಲಿಲ್ಲ ನೀ?"

"ನಿಮ್ಮಪ್ಪನೋರು ಯಾರೂ ಜಾಗಾ ಕೊಡದಾಗ ಕೊಟ್ಟಿದ್ರು. ಆ ಋಣಕ್ಕ ಒಂದ್ಸಲ ಬಾಯಿ ಮುಚ್ಚೀನಿ. ಅದು ಮುಗೀತು."

"ಹೇಳ್ತೇನಿ. ಇದೇ ವಾರ ಹೋಗಿ ಹೇಳ್ತೇನಿ."

ಅವನು ಗ್ರೀಸ್ ಹತ್ತಿದ ಕೈ ಒರೆಸಿಕೊಳ್ಳುತ್ತ, ಸಿಟ್ಟಿಲ್ಲದೆ ನನ್ನನ್ನು ನೋಡಿದ. "ಫೋನ್ ಮಾಡ್ತೇನಿ ಅಂತನೂ ಹಿಂಗೇ ಅಂದಿದ್ರಿ" ಎಂದ. ಮತ್ತೆ ಗಾಲಿಯ ಕಡೆ ತಿರುಗಿದ. ನಾನು ಎದ್ದು ಬಂದೆ.

ಕಳೆದ ಬೇಸಿಗೆಯಲ್ಲಿ ಅವನು ತೀರಿಕೊಂಡ. ಭೂಸನೂರಿನಲ್ಲೇ ಮಣ್ಣು ಮಾಡಿದರು. ನನಗೆ ಗೊತ್ತಾಗುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು.

ಗುಂಡಪ್ಪ ಮಾಸ್ತರರು ಈಗ ನಿವೃತ್ತರು. ತಾಲ್ಲೂಕು ಕಚೇರಿಯ ಕೆಲಸಕ್ಕೆ ಬಂದಾಗಲೆಲ್ಲ ನನ್ನ ಆಫೀಸಿನಲ್ಲಿ ಅರ್ಧ ತಾಸು ಕೂತು ಹೋಗುತ್ತಾರೆ. ಒಬ್ಬರೇ ಇರುತ್ತಾರೆ, ಮಾತಿಗೆ ಜನ ಬೇಕು. ಮೊನ್ನೆಯೂ ಬಂದಿದ್ದರು. ಚಾ ಕುಡಿದು, ಗ್ಲಾಸ್ ಕೆಳಗಿಟ್ಟು ಹೇಳಿದರು.

"ಅಂವಾ ಸತ್ತನಂತಲ್ರಿ, ಮಿಸ್ತ್ರಿ. ಸತ್ತವರಿಗಿ ಬೈಬಾರದು ಖರೇ, ಆದ್ರ ನನ್ನ ಸಂಕಟ ತಡಿಯಂಗಿಲ್ಲ. ನಿಮ್ಮ ಮನಿ ಅನ್ನ ಉಂಡಾಂವ ನಿಮಗೂ ಮೋಸಾ ಮಾಡ್ದ ನೋಡ್ರಿ ವಕೀಲ್ ಸಾಬ್."

"ಹೌದ್ರಿ ಮಾಸ್ತರೇ" ಎಂದೆ.