ಮೂರು ಕಾಲಿನ ಕ್ಯಾರೆಟ್

ತರಕಾರಿ ಬೆಳೆಯಲು ಪುರಸಭೆ ಬಾಡಿಗೆಗೆ ಕೊಡುವ ತೋಟದಲ್ಲಿ ನನ್ನ ಪಕ್ಕದ ತುಂಡು ಹೆಡ್ಲಿ ಥ್ವೈಟ್ ಅವರದು. ಎಂಬತ್ತೊಂದರ ಈ ಮುದುಕರು ಅಗೆಯುವಾಗ ಗೊಣಗುತ್ತಾರೆ, ಚಹಾ ಕುಡಿಯುವಾಗ ಗೊಣಗುತ್ತಾರೆ, ಗೊಣಗಲು ಏನೂ ಸಿಗದ ದಿನ ಬೇಗ ಮನೆಗೆ ಹೋಗುತ್ತಾರೆ. ಬಾಡಿಗೆ ದುಪ್ಪಟ್ಟಾಗುತ್ತದೆಂದು ನೋಟಿಸು ಬಂದ ಮೇಲಂತೂ ಅವರ ವಯಸ್ಸು ಹತ್ತು ವರ್ಷ ಕಡಿಮೆಯಾದಂತಿದೆ. ಪ್ರತಿ ಮಂಗಳವಾರ ಕಾಲಿಗೆ ಕೆಸರಿನ ಬೂಟು, ಕೊರಳಿಗೆ ಶವಸಂಸ್ಕಾರಗಳಿಗೆ ಹೋಗುವಾಗ ಕಟ್ಟುವ ಕಪ್ಪು ಟೈ ಹಾಕಿಕೊಂಡು ಪುರಸಭೆಗೆ ಹೊರಡುತ್ತಾರೆ. ಕಳೆದ ವಾರ ಗುಮಾಸ್ತೆ ಮಿಸೆಸ್ ಪಿಕರ್ಸ್‌ಗಿಲ್ ಮುಂದೆ ಮೂರು ಕಾಲಾಗಿ ಕವಲೊಡೆದ ಕ್ಯಾರೆಟ್ ಇಟ್ಟು, "ನೋಡಮ್ಮ, ನೆಲದ ತುಂಬ ಬರೀ ಕಲ್ಲು, ತಾಗಿದಲ್ಲೆಲ್ಲ ಬೇರು ಸೀಳತ್ತೆ. ಈ ನೆಲಕ್ಕೆ ಬಾಡಿಗೆ ಏರಿಸ್ತೀರಾ?" ಎಂದರು. ಆಕೆ ನಗುತ್ತ ಗೋಡೆಯ ಫೋಟೋ ತೋರಿಸಿದರು: ತರಕಾರಿ ಪ್ರದರ್ಶನದ ಮೊದಲ ಬಹುಮಾನ, ಥ್ವೈಟರ ಕೈಯಲ್ಲಿ ಗಜದುದ್ದದ ನೆಟ್ಟನೆಯ ಕ್ಯಾರೆಟ್. ಸರತಿಯಲ್ಲಿದ್ದ ತೋಟಗಾರರೆಲ್ಲ ಕಿವಿ ನಿಮಿರಿಸಿರುವಾಗ, ಮೂವತ್ತು ವರ್ಷ ಹೆಂಡತಿಗೂ ಹೇಳದ ಗುಟ್ಟನ್ನು ಅವರು ಬಿಟ್ಟುಕೊಟ್ಟರು: "ಅದು ನೆಲದ್ದಲ್ಲಮ್ಮ. ಪೀಪಾಯಿಗೆ ಮರಳು ತುಂಬಿ ಬೆಳೆದದ್ದು." ಆಕೆ ಅದನ್ನು ದೂರಿನಲ್ಲಿ ಬರೆದು ಮೇಲಕ್ಕೆ ಕಳಿಸಿದರು, ಏರಿಕೆಗೆ ಸದ್ಯಕ್ಕೆ ತಡೆ ಬಿದ್ದಿದೆ. ನಿನ್ನೆ ನಾನು ನೋಟಿಸನ್ನು ಕೊನೆಯವರೆಗೂ ಓದಿದೆ. ಎಪ್ಪತ್ತು ದಾಟಿದವರಿಗೆ ಏರಿಕೆಯೇ ಇಲ್ಲ! "ಮತ್ತೆ ನಿಮಗ್ಯಾಕೆ ಈ ಜಗಳ?" ಎಂದೆ. ಅವರು ಮೊಣಕಾಲೂರಿ ಆಸ್ಪರಾಗಸ್ ಎಂಬ ತರಕಾರಿಯ ಬೇರು ನೆಡುತ್ತಿದ್ದರು. "ಇದು ಕೊಯ್ಲಿಗೆ ಬರೋಕೆ ಮೂರು ವರ್ಷ, ಆಮೇಲೆ ಇಪ್ಪತ್ತು ವರ್ಷ ಬಿಡ್ತಾನೇ ಇರತ್ತೆ," ಎಂದು ಗೊಣಗಿದರು. "ಅಷ್ಟು ದಿನ ಕೊಯ್ಯೋರಿಗೆ ಬಾಡಿಗೆ ಕಟ್ಟೋಕಾಗ್ಬೇಕಲ್ಲಯ್ಯ?"