ಹಾವಿನ ಮೇಲೆ ಹೊರಿಸಿದ ತಪ್ಪು

ಇವತ್ತು ರಜೆ. ಬೆಳಿಗ್ಗೆ, ಕಂಪನಿ ಕೆಲಸಕ್ಕೆ ಬಂದು ನಾನಿರುವ ಅಂಬಡದ ಬಾಡಿಗೆ ಖೋಲಿಯ ಮುಂದೆ, ಒಬ್ಬ ಕೈಗಾಡಿಯಲ್ಲಿ ಸಸಿ ಮಾರಿಕೊಂಡು ಬಂದ. ಕರಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಸಿ ಮಣ್ಣು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಹಾ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಸಿ ಮಣ್ಣಿನ ವಾಸನೆಯ ಮೇಲೆ ಮಂದಿ ಹಾಡು ಕಟ್ಟುತ್ತಾರೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಹಾಡು ಕಟ್ಟಲು ಬರುವುದಿಲ್ಲ. ಬಾಗಿಲು ಹಾಕಿಕೊಳ್ಳಲು ಚೆನ್ನಾಗಿ ಬರುತ್ತದೆ.

ಒಳಗೆ ಕೂತರೆ ಅಕ್ಕನ ಫೋನು.

"ತಮ್ಮಾ, ಮ್ಯಾಲಿನ ಹೊಲಕ್ಕ ದಾಳಿಂಬಿ ಸಸಿ ಬೇಕಾಗ್ಯಾವ. ಹೋದ ಸರ್ತಿ ತಂದಿದ್ಯಲ್ಲ, ಅಲ್ಲಿಂದೇ ತಗೊಂಡು ಬಾ. ಸಸಿದೇನು ತಪ್ಪಿತ್ತು ಪಾಪ, ತಪ್ಪು ನಂದಿತ್ತು."

ಹ್ಞೂಂ ಅಂದೆ. ಆ ಹ್ಞೂಂ ಎಂಥದು ಅಂತ ನಿಮಗೆ ಹೇಳಿಬಿಡುತ್ತೇನೆ.

ಅಕ್ಕನನ್ನು ಕೊಟ್ಟದ್ದು ಛತ್ರಪತಿ ಸಂಭಾಜಿನಗರದ ಆಚೆ, ಪೈಠಣದ ದಾರಿಯ ಒಂದು ಹಳ್ಳಿಗೆ. ಅವರೂ ನಮ್ಮ ಬೀದರ್ ಕಡೆಯ ಮಂದಿಯೇ. ಭಾವ ಸದಾ ಲಾರಿಯ ಮೇಲೆ, ಹೊಲ ಅಕ್ಕನದು. ಒಂದು ವರ್ಷ ಅವಳ ಟೊಮ್ಯಾಟೊ ಸೊರಗಿತು. ನಾನು ಹೋದಾಗ ಒಂದು ಗಿಡ ಕಿತ್ತು ನನ್ನ ಮೂಗಿಗೆ ಹಿಡಿದಳು. ಬೇರಿನ ತುಂಬ ಮೆಂತೆಕಾಳಿನಂಥ ಗಂಟು.

"ಇದರೊಳಗ ಕಣ್ಣಿಗಿ ಕಾಣದ ಹುಳ ಇರ್ತಾವ. ಬೇರು ಕುಡಿಯೋ ನೀರು ಇವೇ ಕುಡಿತಾವ. ಒಮ್ಮಿ ಬಂದ್ವಂದ್ರ ಎಬ್ಬಿಸೋದು ಭಾಳ ಕಷ್ಟ."

"ಬೀಗರಂಗ ಅನ್ನು," ಅಂದೆ ನಾನು. ನನಗೆ ಬರುತ್ತಿದ್ದದ್ದು ಅಷ್ಟೇ.

ಅಕ್ಕ ಆ ಹುಳಗಳ ಬೆನ್ನು ಹತ್ತಿದಳು. ಕಡುಬೇಸಿಗೆಯಲ್ಲಿ ನೆಲ ಉಳುಮೆ ಮಾಡಿಸಿ, ನೀರು ಬಿಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತಿದಳು, ಒಳಗಿನ ಕಾವಿಗೆ ಹುಳ ಬೇಯಲಿ ಎಂದು. ಊರವರು ಬದುವಿನ ಮೇಲೆ ನಿಂತು ನಕ್ಕರು. ನಾನಂತೂ, ಹೊಲಕ್ಕೆ ಶಾಲು ಹೊದಿಸಿದ್ದಾಯಿತು, ಹಾರ ಯಾವಾಗ ಎಂದು ಕೇಳಿದೆ. ಹಾರವೂ ಬಂತು: ಮುಂದಿನ ಹಂಗಾಮಿಗೆ ಹೊಲದ ತುಂಬ ಚೆಂಡುಹೂವು ಹಾಕಿದಳು. ಅದರ ಬೇರು ಈ ಹುಳಗಳಿಗೆ ಆಗಿಬರುವುದಿಲ್ಲವಂತೆ. ಆಮೇಲೆ ಬದುವಿನ ಹತ್ತಿರ ಒಂದು ಬಕೆಟ್ ಇಟ್ಟು, ಕಾಲು, ಗುದ್ದಲಿ, ಕುರ್ಪಿ ಎಲ್ಲ ತೊಳೆದೇ ಒಳಗೆ ಬರಬೇಕು ಎಂದು ಕಟ್ಟಪ್ಪಣೆ ಮಾಡಿದಳು.

"ಅಕ್ಕಾ, ತ್ರ್ಯಂಬಕೇಶ್ವರದಾಗೂ ಇಷ್ಟು ಮಡಿ ಇಲ್ಲ."

"ಅಲ್ಲಿ ನಾ ದಾಳಿಂಬಿ ಹಚ್ಚಂಗಿಲ್ಲಲ್ಲ. ತೊಳಿ."

ಅಂಥ ನೆಲಕ್ಕೆ ಸಸಿ ತರುವ ಕೆಲಸವನ್ನು ನನಗೆ ಒಪ್ಪಿಸಿದಳು. ಒಡಹುಟ್ಟಿದವರ ಮೇಲಿನ ನಂಬಿಕೆಗೆ ಯಾವ ಔಷಧವೂ ಇಲ್ಲ ನೋಡಿ. ಎರಡು ಚೀಲ ಹರಿದು ಬೇರು ನೋಡಿಯೇ ತಾ ಎಂದು ಹೇಳಿದ್ದಳು. ಒಳ್ಳೆಯ ನರ್ಸರಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಕಂಪನಿಯ ಗೆಳೆಯನೊಬ್ಬ, ನಿಫಾಡ್ ದಾರಿಯಲ್ಲಿ ಒಬ್ಬ ಇವತ್ತೇ ಕೊಡುತ್ತಾನೆ, ಅಗ್ಗ ಕೂಡ ಅಂದ. ಹೋದೆ. ಅಕ್ಕನ ತೋಟಕ್ಕೆ ಬೇಕು ಎಂದು ಹೇಳಿ, ಚೀಲಕ್ಕೆ ತುಂಬಿದ ಮಣ್ಣು ಎಲ್ಲಿಯದು ಎಂದು ಕೇಳಿದ್ದಕ್ಕೆ ಆತ ಮುಚ್ಚುಮರೆ ಮಾಡಲಿಲ್ಲ. "ನಮ್ಮ ತೋಟದ್ದೇ ಭಾವು," ಎಂದು ಮರಾಠಿಯಲ್ಲಿ ನನ್ನನ್ನು ಅಣ್ಣನಾಗಿಸಿಕೊಂಡ. "ಗಿಡ ಒಣಗಿದವು, ಕಿತ್ತೆವು. ಮಣ್ಣು ಸುಮ್ಮನೆ ಬಿದ್ದಿತ್ತು." ಇಬ್ಬರೂ ನಕ್ಕೆವು. ಟೆಂಪೋ ತುಂಬಿತು.

ದಾರಿಯಲ್ಲಿ ಚಹಾಕ್ಕೆ ನಿಂತಾಗ ಒಂದು ಚೀಲ ಉರುಳಿ ಬಿದ್ದು ಒಡೆಯಿತು. ಬೇರಿನ ತುಂಬ ಮೆಂತೆಕಾಳು. ನಾನು ಅತ್ತಿತ್ತ ನೋಡಿ, ಮಣ್ಣು ಮತ್ತೆ ಒತ್ತಿ ತುಂಬಿ, ಡ್ರೈವರನ ಹತ್ತಿರ ಸುತಳಿ ಇಸಿದುಕೊಂಡು ಚೀಲ ಕಟ್ಟಿದೆ. ಯಾಕೆ ಅಂತೀರಾ? ಅಷ್ಟು ದೂರ ಬಂದಾಗಿತ್ತು, ತಿರುಗಿ ಹೋಗಲು ಬೇಸರ. ದೊಡ್ಡ ಪಾಪಕ್ಕೆ ದೊಡ್ಡ ಕಾರಣ ಇರುತ್ತದೆ ಎಂದುಕೊಂಡಿದ್ದೆ. ನನಗೆ ಬೇಸರವೊಂದೇ ಸಾಕಾಯಿತು.

ಅಕ್ಕನ ಬದುವಿನ ಹತ್ತಿರ ಇಳಿದವನು ಯಾರೂ ಹೇಳದೆ ಬಕೆಟ್ಟಿಗೆ ಕೈ ಹಾಕಿ, ಕಾಲು ತಿಕ್ಕಿ ತಿಕ್ಕಿ ತೊಳೆದೆ. "ಈಗ ಬುದ್ಧಿ ಬಂತು ನೋಡು ನನ್ನ ತಮ್ಮಗ," ಎಂದು ಅಕ್ಕ ಹಿಗ್ಗಿದಳು. "ಬೇರು ನೋಡಿದೇನು?"

"ನೋಡಿದೆ."

ಸುಳ್ಳಲ್ಲ. ನೋಡಿದ್ದೆ.

ಒಂದಷ್ಟು ಕಾಲ ಗಿಡ ನನ್ನ ಮಾನ ಕಾಯ್ದವು. ಹೂ ಹಿಡಿಯಬೇಕಾದ ವರ್ಷ ಒಂದೊಂದೇ ಹಳದಿಗೆ ತಿರುಗಿ ಸೊರಗಿದವು. ಒಬ್ಬ ನೀರು ಹೆಚ್ಚಾಯಿತು ಅಂದ, ಇನ್ನೊಬ್ಬ ಕಡಿಮೆಯಾಯಿತು ಅಂದ. ಔಷಧಿ ಅಂಗಡಿಯವನು ಇಬ್ಬರದೂ ಸರಿ ಎಂದು ಎರಡು ಬಾಟಲಿ ಕೊಟ್ಟ. ಬಾಟಲಿಯ ಮೇಲಿನ ಚಿತ್ರದಲ್ಲಿ ಮಾತ್ರ ದಾಳಿಂಬೆ ಕೆಂಪಗೆ ನಗುತ್ತಿತ್ತು. ಅಕ್ಕ ಬೇರು ಅಗೆದು ನೋಡಿದಳು. ಅದೇ ಗಂಟು.

"ಇಷ್ಟು ಮಾಡಿದ ಮ್ಯಾಲೂ ಹುಳ ಎಲ್ಲಿಂದ ಬಂದ್ವೋ ತಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹೊಲದ ಮುದುಕಿ ಉತ್ತರ ಕೊಟ್ಟಳು. ಸಸಿಗೆ ಕುಣಿ ತೋಡುವಾಗ ಅಕ್ಕನ ಗುದ್ದಲಿಗೆ ಒಂದು ಹಾವು ಸಿಕ್ಕು ಸತ್ತಿತ್ತು. ಅದರದೇ ಶಾಪ! ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವನು ನಾನು. ಸತ್ತ ಹಾವು ನನ್ನ ಪರ ವಕೀಲನಾಗಿ ನಿಂತಿತು. ನಾನೇ ಮುಂದೆ ನಿಂತು, ಅಕ್ಕನನ್ನು ಜೀಪಿನಲ್ಲಿ ತ್ರ್ಯಂಬಕೇಶ್ವರಕ್ಕೆ ಕರೆದೊಯ್ದು ಶಾಂತಿಪೂಜೆಗೆ ಕೂಡಿಸಿದೆ.

ನನ್ನ ಗ್ರಹಚಾರ, ಪೂಜೆಯ ಭಟ್ಟರಿಗೂ ದ್ರಾಕ್ಷಿ ತೋಟ ಇತ್ತು. ಅಕ್ಕನ ಕತೆ ಕೇಳಿದವರೇ ಮಂತ್ರ ನಿಲ್ಲಿಸಿ ಮರಾಠಿಯಲ್ಲಿ, "ಬೇರಿಗೆ ಗಂಟಿವೆಯೇನಮ್ಮ? ಸಸಿ ಯಾವ ಕಡೆಯವು?" ಎಂದು ಕೇಳಿದರು. ಅಕ್ಕ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ, "ನನ್ನ ತಮ್ಮ ತಂದದ್ದು. ಬೇರು ನೋಡಿಯೇ ತಂದಿದ್ದಾನೆ," ಎಂದಳು. ಭಟ್ಟರು ನನ್ನನ್ನು ನೋಡಿದರು. ನಾನು ಅಕ್ಷತೆ ನೋಡಿದೆ. "ಹಾಗಾದರೆ ಹಾವೇ ಇರಬೇಕು," ಎಂದು ಅವರು ಮಂತ್ರ ಮುಂದುವರಿಸಿದರು. ಅಕ್ಕ ಬೆಳ್ಳಿಯ ಪುಟ್ಟ ಹಾವಿನ ಮುಂದೆ ತಲೆ ಬಾಗಿಸಿ ಬಿಕ್ಕಿದಳು.

ಆ ಅಕ್ಕನೇ ಇವತ್ತು ಅದೇ ಸಸಿ ತಾ ಎನ್ನುತ್ತಿದ್ದಾಳೆ, ಹುಳ ಹತ್ತದೆ ಉಳಿದಿರುವ ಒಂದೇ ಹೊಲಕ್ಕೆ. ಫೋನಿಟ್ಟೆ. ಆಮೇಲೆ ನಾನೇ ಅವಳಿಗೆ ಮಾಡಿದೆ. ಮಣ್ಣು, ಗಂಟು, ಸುತಳಿ, ಎಲ್ಲ ಹೇಳಿದೆ.

"ಪೂಜಿಗಿ ಕೂಡಿಸಿದಾಗ ಗೊತ್ತಿತ್ತಾ?"

"ಗೊತ್ತಿತ್ತು."

"ಭಟ್ಟರು ಕೇಳಿದಾಗೂ?"

"ಹ್ಞೂಂ."

"ಗಿಡ ಹೋದ್ರ ಹೋಗ್ಲೋ. ಆ ಹಾವು ನನಗ ಕನಸಿನ್ಯಾಗ ಬರ್ತದ. ಕೈ ಮುಗಿದು ತಪ್ಪಾತು ಅಂತೀನಿ. ನಾ ಶಾಪಾನೇ ಕೊಟ್ಟಿಲ್ಲ, ಈಕಿ ಯಾಕ ತಪ್ಪಾತು ಅಂತಾಳ ಅಂತ ಅದೇ ಕಣ್ಣು ಪಿಳಿಪಿಳಿ ಬಿಡ್ತಿತ್ತೇನೋ."

ನನಗೆ ಅಳು ಬಂತು.

"ಅಳಬ್ಯಾಡ. ಆ ಸಸಿಯಂವ ಇನ್ನಾ ಮಾರ್ಲಾಕತ್ತಾನೇನು?"

"ಮಾರ್ತಾನ."

"ಮತ್ತ ನನ್ನ ಕಿವ್ಯಾಗ ಯಾಕ ಅಳ್ತಿ? ಅಲ್ಲಿ ಹೋಗಿ ತಗೊಳ್ಳೋರಿಗಿ ಹೇಳು. ಹೇಳಿ ಬಂದ ಮ್ಯಾಲ ಫೋನ್ ಮಾಡು. ಅಲ್ಲೀತನಕ ಮಾಡಬ್ಯಾಡ."

ಮಧ್ಯಾಹ್ನ ನಿಫಾಡ್ ದಾರಿಗೆ ಹೋದೆ. ಆತ ದೂರದಿಂದಲೇ ಗುರುತು ಹಿಡಿದ. ಅವನ ಸುತ್ತ ನಾಲ್ಕಾರು ಗಿರಾಕಿಗಳು. ಒಬ್ಬ ಮುದುಕ, ಚೀಲಗಳನ್ನು ಮಕ್ಕಳನ್ನು ಎತ್ತುವ ಹಾಗೆ ಎತ್ತಿ ಎತ್ತಿ ಟೆಂಪೋಗೆ ಏರಿಸುತ್ತಿದ್ದ.

"ಬನ್ನಿ ಭಾವು, ಬನ್ನಿ! ಅಕ್ಕನವರ ತೋಟ ಹೇಗಿದೆ?"

"ಸತ್ತಿದೆ," ಅಂದೆ, ಮರಾಠಿಯಲ್ಲಿ, ಗಟ್ಟಿಯಾಗಿ, ಆ ಮುದುಕನ ಕಡೆ ಮುಖ ಮಾಡಿ.

ಚೀಲ ಎತ್ತಿದ ಅವನ ಕೈ ಅಲ್ಲೇ ನಿಂತಿತು.