ಖಚಿತಪಡಿಸಲು ಒಂದನ್ನು ಒತ್ತಿ

ತಪ್ಪು ನನ್ನದೇ. ಫೋನಿನಲ್ಲಿ ಮಾತಾಡುವ ಯಂತ್ರದ ಹೆಣ್ಣುದನಿಯನ್ನು ನಾನು ಎಷ್ಟು ಚೆನ್ನಾಗಿ ಮಿಮಿಕ್ರಿ ಮಾಡುತ್ತೇನೆಂದರೆ, ಮದುವೆ ಆರ್ಕೆಸ್ಟ್ರಾಗಳಲ್ಲಿ ನನಗೆ ಚಪ್ಪಾಳೆ ಬೀಳುವುದೇ ಅದಕ್ಕೆ. ಅಭ್ಯಾಸಕ್ಕೆ ಸಿಗುತ್ತಿದ್ದವಳು ಅವ್ವ. ಉದಯಗಿರಿಯ ಮನೆಯಲ್ಲಿ ಕೂತು ಅವಳು ಸೀರೆಗೆ ಫಾಲ್ಸ್ ಹೊಲಿಯುವಾಗ, ಅವಳ ಬಟನ್ ಫೋನಿಗೆ ಕರೆ ಮಾಡಿ, "ಮುದ್ದೆಗಾಗಿ ಒಂದನ್ನು ಒತ್ತಿ" ಅನ್ನುತ್ತಿದ್ದೆ. ಅವಳಿಗೆ ಓದು ಬಾರದು, ನಂಬರ್ ನೋಡುವುದಿಲ್ಲ. ಬೈದು ಕಟ್ ಮಾಡುತ್ತಿದ್ದಳು.

ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ನೆಲ್ಲಿಕಾಯಿ ಗಾತ್ರ. ನುಂಗಿದರೆ ಮೇಲೆ ಕೆಳಗೆ ಓಡಾಡುತ್ತಿತ್ತು. ನಾನು ಅದನ್ನೂ ತಮಾಷೆ ಮಾಡಿದೆ. ಸ್ಕ್ಯಾನ್ ನೋಡಿದ ಡಾಕ್ಟರ್ ಮಾತ್ರ ನಗಲಿಲ್ಲ.

"ಬಯಾಪ್ಸಿ ಮಾಡಿಸಿ. ತಡ ಮಾಡಬೇಡಿ."

ಬುಕಿಂಗ್ ಫಾರ್ಮಿನಲ್ಲಿ ರೋಗಿಯ ನಂಬರ್ ಕೇಳಿದ್ದರು. ಅವ್ವನದ್ದೇ ಬರೆದೆ. ಟೆಸ್ಟಿನ ಹಿಂದಿನ ದಿನ ಆಸ್ಪತ್ರೆಯ ಯಂತ್ರ ಅವಳಿಗೆ ಕರೆ ಮಾಡಿತು: ಬರುವುದನ್ನು ಖಚಿತಪಡಿಸಲು ಒಂದನ್ನು ಒತ್ತಿ.

"ಮುಚ್ಕಂಡ್ ಕೆಲ್ಸ ನೋಡ್ಲಾ, ಮುಂಡೇದೆ" ಎಂದು ಅವ್ವ ಕಟ್ ಮಾಡಿದಳು. ಸಂಜೆ ನನ್ನನ್ನು ಕಂಡು ನಕ್ಕಳು. "ಇವತ್ತು ದನಿ ಸಂದಾಗಿ ಬಂದಿತ್ತು ಕಣ್ಲಾ."

ನಾನು ಅವತ್ತು ಫೋನೇ ಮಾಡಿರಲಿಲ್ಲ.

ಬೆಳಿಗ್ಗೆ ಕೌಂಟರಿನ ಪಟ್ಟಿಯಲ್ಲಿ ಅವ್ವನ ಹೆಸರು ಹೋಗಿತ್ತು, ಖಚಿತಪಡಿಸಿಲ್ಲವೆಂದು. ಹೊಸ ದಿನ ಆ್ಯಪ್‌ನಲ್ಲೇ ಹಿಡಿಯಬೇಕಂತೆ. ನನ್ನ ಫೋನಿನಲ್ಲಿ ನೋಡಿದೆ. ಮೂರು ವಾರದ ಮೇಲೆ. ಅಷ್ಟರಲ್ಲಿ ಆ ಗಂಟು ಏನೇನಾಗಬಹುದು? ಪಕ್ಕದಲ್ಲಿ ಒಬ್ಬ ಅಜ್ಜ ತಮ್ಮ ಬಟನ್ ಫೋನನ್ನು ಕಿಂಡಿಗೆ ಹಿಡಿದು, "ಆ್ಯಪು ಇದ್ರಲ್ಲಿ ಬತ್ತದಾ ಸ್ವಾಮಿ?" ಎಂದು ಕೇಳುತ್ತಿದ್ದರು. ವೇದಿಕೆಯ ಮೇಲೆ ನಾನು ನಗಿಸಲು ತೆಗೆಯುವ ಆ ದನಿ ಎಷ್ಟು ಜನರನ್ನು ಹೀಗೆ ಹೊರಗೆ ನಿಲ್ಲಿಸುತ್ತದೆಂದು, ನಮ್ಮವ್ವನೇ ಹೊರಗೆ ನಿಲ್ಲುವ ತನಕ ನನಗೆ ತೋಚಿರಲಿಲ್ಲ.

ಬಯಾಪ್ಸಿ ಅಂದೇ ಆಯಿತು. ರಿಪೋರ್ಟಿನಲ್ಲಿ ಕ್ಯಾನ್ಸರ್ ಇಲ್ಲ. ಆರು ತಿಂಗಳಿಗೊಮ್ಮೆ ತೋರಿಸಬೇಕು. ಈಗಲೂ ಅವಳು ತುತ್ತು ನುಂಗುವಾಗ ನಾನು ಕುತ್ತಿಗೆಯನ್ನೇ ನೋಡುತ್ತೇನೆ. ಸದ್ಯಕ್ಕೆ ಬಚಾವು ಎಂದುಕೊಳ್ಳುತ್ತೇನೆ. ಅವತ್ತು ಕೌಂಟರಿನಲ್ಲಿ ನಾನು ಅಂಗಲಾಚಿದ್ದರಿಂದ ಏನೂ ಆಗಲಿಲ್ಲ, ಕೆಲಸ ಆದದ್ದು ಅವ್ವನಿಂದ. ಕೌಂಟರಿನವರು, "ಒಂದು ಒತ್ತಿದ್ರೆ ಮುಗೀತಿತ್ತಲ್ಲಮ್ಮ" ಅಂದರು. ಅವ್ವ ಸೆರಗು ಸರಿಸಿ, ಕುತ್ತಿಗೆಯನ್ನು ಕಿಂಡಿಯ ಹತ್ತಿರ ತಂದಳು.

"ಫೋನ್ ಒತ್ತಕ್ಕೆ ನಂಗ್ ಬರಾಕಿಲ್ಲ ಕಣಪ್ಪ. ಇಕಾ, ಈ ಗಂಟ್ನ ನೀನೇ ಒಂದ್ಸಲ ಒತ್ತು. ನಾನ್ ಬಂದಿರೋದು ಖಚಿತ ಆಯ್ತದೆ."